ಭಾರ ಯಾವ ಕಾಲಿನ ಮೇಲಿತ್ತು

ನಾನು ಏಣಿಯಿಂದ ಬಿದ್ದದ್ದು ಕಾಳುಮೆಣಸಿನ ಕೊಯ್ಲಿನಲ್ಲಿ. ಯಸಳೂರಿನಾಚೆ ನಮ್ಮದು ಸಣ್ಣ ತೋಟ. ಆ ವರ್ಷ ಆಳುಗಳು ಸಿಗಲಿಲ್ಲ. ಹೊಂಗಡಹಳ್ಳದ ತವರಿನಲ್ಲಿ ಮದುವೆಗೆ ಮೊದಲೇ ಮೆಣಸು ಕೊಯ್ದು ಅಭ್ಯಾಸವಿದ್ದವಳು ನಾನು, ಹತ್ತುತ್ತೇನೆ ಎಂದೆ. ನಮ್ಮ ಕಡೆಯ ಏಣಿ ಎಂದರೆ ಒಂಟಿ ಬಿದಿರು. ಗೆಣ್ಣುಗಳಲ್ಲಿ ಕತ್ತರಿಸದೆ ಬಿಟ್ಟ ಮೋಟು ಕವಲಿನ ಗೂಟಗಳೇ ಮೆಟ್ಟಿಲು. ತುದಿಯನ್ನು ಹಗ್ಗದಿಂದ ಮರಕ್ಕೆ ಬಿಗಿಯುವ ತನಕ ಕೆಳಗೊಬ್ಬರು ಹಿಡಿದಿರಲೇಬೇಕು. ಅವತ್ತು ಹಿಡಿದಿದ್ದವರು ಗಂಡನ ಅಣ್ಣ, ನನ್ನ ಭಾವ.

ರಸ್ತೆಯಲ್ಲಿ ಜೀಪಿನ ಸದ್ದು ಕೇಳಿಸಿತು. ನಾನು ಹಗ್ಗ ಸುತ್ತಲು ಕೈ ಚಾಚಿದ್ದೆ. ಮುಂದೆ ನೆನಪಿರುವುದು ಒಣಗಿದ ಎಲೆಗಳ ವಾಸನೆ, ಮತ್ತೆ ಭಾವನ ದನಿ.

“ತಲೆಸುತ್ತು ಬಂದ್ಬುಡ್ತು ಕಣೋ ಇವಳಿಗೆ. ನಾನು ಹಿಡ್ಕಂಡೇ ಇದ್ದೆ.”

ಮನೆಯಿಂದ ಓಡಿಬಂದ ನನ್ನ ಗಂಡ ಬೇರೇನೂ ಕೇಳಲಿಲ್ಲ.

ಬಲಗಾಲಿನ ಹರಡು ಮುರಿದಿತ್ತು. ಹಾಸನದ ಡಾಕ್ಟರು ತಲೆಯಲ್ಲಿ ಏನೂ ತೊಂದರೆಯಿಲ್ಲ ಎಂದರು. ಆದರೆ ನೋಡಲು ಬಂದವರಿಗೆಲ್ಲ ಭಾವ ತಲೆಸುತ್ತಿನ ಕತೆಯನ್ನೇ ಹೇಳಿದರು. ನಾನು ಏಣಿ ಹೊರಳಿತು ಎಂದೆ. “ಬಿದ್ದೋರಿಗೆ ಏನಮ್ಮಾ ನೆನಪಿರ್ತದೆ?” ಎಂದು ನಕ್ಕರು. ಅಲ್ಲಿಂದ ನಾನು ತಲೆಸುತ್ತಿನವಳಾದೆ. ಬಾವಿಯ ಹತ್ತಿರ ಹೋಗಬೇಡ, ಒಬ್ಬಳೇ ತೋಟಕ್ಕೆ ಇಳಿಯಬೇಡ, ಬಸ್ಸು ಹತ್ತಬೇಡ. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಪ್ರೀತಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ದಿನ ಕಳೆದಂತೆ ನನಗೇ ಅನುಮಾನ ಬಂತು. ಭಾವ ಕೈ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ನನ್ನ ಮುಖ ಮರದ ಕಡೆಗಿತ್ತು.

ಕಟ್ಟು ಬಿಚ್ಚಿದ ಮೇಲೂ ಆ ಕಾಲು ನೆಲ ಮುಟ್ಟಲು ಹೆದರುತ್ತಿತ್ತು. ಮನೆಯಲ್ಲೇ ಯೋಗ ಮಾಡೋಣವೆಂದು ಸಿ.ಡಿ. ಬಾಡಿಗೆ ಕೊಡುವವನನ್ನು ಕೇಳಿದೆ. “ಯೋಗದ್ದು ಇಲ್ಲಕ್ಕಾ. ಇದು ಚೈನಾದ್ದು. ಕರಾಟೆ ಅಂತ ತರ್ಸಿದ್ದೆ, ನೋಡಿದ್ರೆ ಒಬ್ರೂ ಹೊಡ್ಕಳದೇ ಇಲ್ಲ. ನಿಂಗೆ ಆಗ್ತದೆ ನೋಡು,” ಎಂದು ಒಂದು ಡಿಸ್ಕ್ ಕೊಟ್ಟ. ಮೊದಲರ್ಧ ಚಿ ಗಾಂಗ್: ಮಂಡಿ ಸ್ವಲ್ಪ ಸಡಿಲಿಸಿ ನಿಲ್ಲುವುದು, ಉಸಿರಿನ ಜೊತೆ ಕೈ ಏರಿಸಿ ಇಳಿಸುವುದು. ಉಳಿದರ್ಧ ನಿಧಾನವಾಗಿ ಹೆಜ್ಜೆ ಬದಲಿಸುತ್ತ ಮಾಡುವ ತೈ ಚಿ. ಕಲಿಸುವ ಮುದುಕ ಮುಖದಲ್ಲಿ ಸಣ್ಣ ನಗೆಯಿರಲಿ, ಮನಸ್ಸು ತಿಳಿಯಾಗಲಿ ಎನ್ನುತ್ತಿದ್ದ. ನನ್ನ ಪಿಯುಸಿ ಇಂಗ್ಲಿಷಿಗೆ ಅಷ್ಟು ತಿಳಿಯುತ್ತಿತ್ತು. ನಗೆ ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಕೈ ಏರಿಸಿದೆ, ಇಳಿಸಿದೆ.

ಟಿವಿಯ ಮುಂದೆ ನೋಡಿಕೊಂಡು, ಕರೆಂಟು ಹೋದರೆ ಕಾಫಿ ಒಣಗಿಸುವ ಕಣಕ್ಕೆ ಬಂದು ಮಾಡುತ್ತಿದ್ದೆ. ಭಾವ ಜಗಲಿಯ ಮೇಲೆ ಕೂತು ನೋಡುತ್ತಿದ್ದರು.

“ಏನಮ್ಮಾ, ಕೊಕ್ಕರೆ ಥರ ನಿಂತಿದೀಯ? ಮೀನು ಏನಾರ ಸಿಕ್ತಾ?”

ಉತ್ತರ ಕೊಟ್ಟರೆ ಕಾಲು ಅಲುಗುತ್ತಿತ್ತು.

ಒಂದು ದಿನ ಆ ಮುದುಕ ನನಗೆ ಬೆನ್ನು ತಿರುಗಿಸಿ ಅದೇ ಚಲನೆಗಳನ್ನು ತೋರಿಸಿದ. ಆಗ ಗೊತ್ತಾಯಿತು, ಅಷ್ಟು ದಿನ ನಾನು ಕಲಿತದ್ದೆಲ್ಲ ಎಡಬಲ ಅದಲುಬದಲಾಗಿತ್ತು. ಎದುರಿಗೆ ನಿಂತವನನ್ನು ಕನ್ನಡಿಯಂತೆ ಅನುಸರಿಸಿದ್ದೆ. ಮೊದಲಿನಿಂದ ಶುರು ಮಾಡಿದೆ. ಈ ಸಲ ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕಾಯಿತು: ಭಾರ ಈಗ ಯಾವ ಕಾಲಿನ ಮೇಲಿದೆ? ಒಂದು ಕಾಲನ್ನು ಪೂರ್ತಿ ಖಾಲಿ ಮಾಡದೆ ಎತ್ತಬಾರದು. ತುಂಬಿದ ಕಾಲು ಯಾವುದು, ಖಾಲಿ ಕಾಲು ಯಾವುದು, ಸದಾ ಗೊತ್ತಿರಬೇಕು.

ಹಾಗೆ ಎಡಗಾಲಿನ ಮೇಲೆ ನಿಂತು ಬಲಗೈ ಚಾಚಿದ್ದಾಗ, ಕಣದ ನಡುವೆ, ಆ ದಿನ ನನ್ನ ಮೈಗೆ ವಾಪಸು ಬಂತು. ಏಣಿಯ ಮೇಲೂ ಹೀಗೇ ನಿಂತಿದ್ದೆ. ಎಡಗಾಲು ತುಂಬಿತ್ತು. ಕಣ್ಣೆದುರು ಮೆಣಸಿನ ಬಳ್ಳಿ ನೆಟ್ಟಗಿತ್ತು, ಗೊಂಚಲು ನೆಟ್ಟಗಿತ್ತು. ಏನೂ ಸುತ್ತಲಿಲ್ಲ. ಮೊದಲು ಅಲುಗಿದ್ದು ಪಾದದ ಕೆಳಗಿನ ಗೂಟ. ಅದು ಹೊರಕ್ಕೆ ಹೊರಳಿತು, ನಿಧಾನವಾಗಿ, ಆಮೇಲೆ ಒಮ್ಮೆಗೇ. ಹಿಡಿದ ಬಿದಿರು ಹಾಗೆ ಹೊರಳುವುದಿಲ್ಲ.

ನಾನು ಕಾಲು ಕೆಳಗಿಟ್ಟೆ. ಚಲನೆ ಅರ್ಧಕ್ಕೇ ನಿಂತಿತು. ಜಗಲಿಯಿಂದ ಭಾವ, “ನೋಡು, ಬಂತು ತಲೆಸುತ್ತು. ಕೂತ್ಕಳಮ್ಮಾ,” ಎಂದರು.

ಮುಂದಿನ ಕೊಯ್ಲಿಗೂ ಆಳುಗಳು ಸಾಲಲಿಲ್ಲ. ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ ಗಂಡ, ಭಾವ, ನಾನು ಮೂವರೂ ನಿಂತಿದ್ದೆವು. ನಾನು ಬಿದಿರನ್ನು ಎರಡೂ ಕೈಯಲ್ಲಿ ಹಿಡಿದೆ.

“ಹತ್ತಿ ಭಾವ. ನಾನು ಹಿಡ್ಕಂತೀನಿ.”

“ನೀನಾ? ತಲೆಸುತ್ತಿನೋಳು?”

“ನೀವು ಹಿಡ್ಕಂಡೇ ಇದ್ರೂ ನಾನು ಬಿದ್ದೆ. ನಾನು ಹಿಡ್ಕಂಡಿದ್ರೆ ಏನು, ಬುಟ್ರೆ ಏನು? ಹತ್ತಿ.”

ಭಾವ ಮೊದಲ ಗೂಟದ ಮೇಲೆ ಕಾಲಿಟ್ಟರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ. ಕಾಲು ತೆಗೆದರು.

“ಹುಡುಗಾಟ ಅಲ್ಲಮ್ಮಾ ಇದು. ಒಂದು ಗಳಿಗೆ ಕೈ ಬುಟ್ರೆ ಹೊರಳ್ಕಂಡ್ಬುಡ್ತದೆ ಬೊಂಬು.”

ತಾವು ಏನು ಹೇಳಿದೆವೆಂದು ಅವರಿಗೆ ತಕ್ಷಣ ತಿಳಿಯಲಿಲ್ಲ. ನನ್ನ ಗಂಡನಿಗೆ ತಿಳಿಯಿತು. ಒಂದು ವರ್ಷದಲ್ಲಿ ಮೊದಲ ಸಲ ಕೇಳಿದರು.

“ಅವತ್ತು ಬುಟ್ಟಿದ್ಯಾ ಅಣ್ಣ?”

ಭಾವ ಟವಲ್ಲಿನಿಂದ ಕತ್ತು ಒರೆಸಿಕೊಂಡರು. “ಜೀಪ್ ನಿಲ್ಸಕ್ಕೆ ಕೈ ಎತ್ತಿದೆ ಕಣೋ. ಅಷ್ಟೇಯ. ಅದ್ನೇ ಎಷ್ಟು ದಿನ ಹಿಡ್ಕಂಡು ಕೂರ್ತೀರ?” ಎಂದು ಮನೆಯ ಕಡೆ ನಡೆದರು.

ಅಷ್ಟೇ. ನನ್ನ ಒಂದು ವರ್ಷ, ಬಾವಿ, ಬಸ್ಸು, ನನ್ನ ಮೇಲೆ ನನಗಿದ್ದ ನಂಬಿಕೆ, ಎಲ್ಲ ಸೇರಿ ಅಷ್ಟೇ. ಸತ್ಯ ಹೊರಗೆ ಬಂದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ.

ಗಂಡ ಹತ್ತಿರ ಬಂದು ಏಣಿಗೆ ಕೈ ಹಾಕಿದರು. “ನೀನು ಹತ್ತು. ನಾನು ಹಿಡ್ಕಂತೀನಿ.”

“ಬೇಡ. ನೀವು ಹತ್ತಿ.”

ಅವರು ಚೀಲ ಸೊಂಟಕ್ಕೆ ಕಟ್ಟಿಕೊಂಡು ಹತ್ತಿದರು. ನಾನು ಮಂಡಿ ಸಡಿಲಿಸಿ, ಭಾರವನ್ನು ಎರಡೂ ಕಾಲಿಗೆ ಹಂಚಿ ನಿಂತೆ. ಬಿದಿರು ಒಂದಿಷ್ಟೂ ಅಲುಗಲಿಲ್ಲ. ಹಗ್ಗ ಕಟ್ಟುವ ಮೊದಲು ಅವರು ಮೇಲಿನಿಂದ ಕೇಳಿದರು, “ಹಿಡ್ಕಂಡಿದೀಯಾ?”

ಎರಡನೇ ಸಲ ಕೇಳುವ ತನಕ ನಾನು ಉತ್ತರ ಕೊಡಲಿಲ್ಲ.