ಗುಡ್ಡ ಹತ್ತಿದ ಹಸಿಮಣ್ಣಿನ ಕುದುರೆ

ಕಪಿಲೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ತಿ. ನರಸೀಪುರದ ಹೊರಗಿನ ಇಟ್ಟಿಗೆ ಗೂಡಿನಲ್ಲಿ ಚಿಕ್ಕಮಾದು ಆಗಲೇ ಮೊಣಕಾಲುದ್ದ ಕೆಸರಿಗಿಳಿದು ಮಣ್ಣು ತುಳಿಯುತ್ತಿದ್ದಾರೆ. ಬಿಸಿಲೇರುವ ಹೊತ್ತಿಗೆ ಐನೂರು ಇಟ್ಟಿಗೆ ಸಾಲು ಹಿಡಿಯಬೇಕು. ಆದರೆ ಕೊನೆಯ ಮುದ್ದೆ ಅಚ್ಚಿಗೆ ಹೋಗುವುದಿಲ್ಲ. ಹೆಬ್ಬೆರಳು ಒತ್ತಿದರೆ ಬೆನ್ನು, ಚಿವುಟಿದರೆ ಕಿವಿ. ನೋಡನೋಡುತ್ತಲೇ ಅಂಗೈ ಮೇಲೊಂದು ಕುದುರೆ ನಿಂತಿರುತ್ತದೆ. ಸವಾರನ ಕೈಗೆ ಪೊರಕೆ ಕಡ್ಡಿಯ ತುಂಡು. ಅದೇ ಭರ್ಜಿ.

ಭಾನುವಾರ ಈ ದಂಡು ಏಳು ಸಮುದ್ರದಾಚೆಗೆ ಹೊರಡುತ್ತದೆ. ಇಟ್ಟಿಗೆ ಪೇರಿಸಿ ಅದರ ಮೇಲೆ ಮಲಗಿಸಿದ ಹಳೇ ಬಾಗಿಲೇ ರಣರಂಗ. 1918ರ ಹೈಫಾ, ಮೊದಲ ಮಹಾಯುದ್ಧದ ಕಾಲ. ಇಟ್ಟಿಗೆ ಚೂರಿನ ಕಾರ್ಮೆಲ್ ಗುಡ್ಡ, ಅದರ ನೆತ್ತಿಯಲ್ಲಿ ತುರ್ಕರ ತೋಪು, ಆಚೆಗೆ ನೀಲಿ ಟಾರ್ಪಾಲಿನ ಸಮುದ್ರ. ಬುಡದಲ್ಲಿ ಮೈಸೂರಿನ ಕುದುರೆ ಸವಾರರು.

ಏಳನೇ ಕ್ಲಾಸಿನಲ್ಲಿ ನಂಜುಂಡೇಶ್ ಮೇಷ್ಟ್ರು ಬೋರ್ಡಿನ ಮೇಲೆ ಆ ಗುಡ್ಡ ಬರೆದಿದ್ದರು. ಮರುವರ್ಷ ಅಪ್ಪ ಹಾಸಿಗೆ ಹಿಡಿದರು, ಮಾದು ಮಣ್ಣಿಗಿಳಿದರು. ಇಸ್ಕೂಲು ಹೋಯಿತು, ಗುಡ್ಡ ಉಳಿಯಿತು. "ಕಣ್ಮುಚ್ಚುದ್ರೆ ಆ ಗುಡ್ಡವೇ ಕಣ್ರೀ. ತೋಪು ಮೇಲಿಂದ ಗುಂಡು ಉಗುಳ್ತಾ ಅದೆ, ಇವ್ರು ಕೋಲು ಇಡ್ಕಂಡು ಗುಡ್ಡ ಅತ್ತುತಾವ್ರೆ! ಎಂಥಾ ಗುಂಡಿಗೆ ಇರ್ಬೇಕು!" ಎನ್ನುತ್ತಾರೆ, ಇವತ್ತಿಗೂ ಕಣ್ಣರಳಿಸಿ.

ರಿಟೈರಾದ ಮೇಷ್ಟ್ರೇ ಈಗ ನಂಜನಗೂಡಿನಿಂದ ಬಸ್ಸು ಹತ್ತಿ ಬಂದು ತುರ್ಕರ ಕಡೆ ಕೂರುತ್ತಾರೆ. ಆಟಕ್ಕೆ ನಾಲ್ಕು ಕವಡೆ. ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಬೆರಳಗಲ ಕುದುರೆ ಮುಂದಕ್ಕೆ. ನಾಲ್ಕೂ ಬೋರಲಾದರೆ ಗುಂಡು ತಗುಲಿತೆಂದೇ ಲೆಕ್ಕ.

"ನಿನ್ನ ಬೆರಳಲ್ಲಿ ಅಳೆದ್ರೆ ಎರಡೇ ಏಟಿಗೆ ಗುಡ್ಡ ಮುಗೀತದೆ ಕಣೋ. ಅದೇನು ಬೆರಳೋ ಬಾಳೆಕಾಯೋ!" ಎಂದು ಮೇಷ್ಟ್ರು ತಕರಾರು ತೆಗೆದಂದಿನಿಂದ ಬಿಳಿಗೆರೆಯ ರುದ್ರಮ್ಮನ ಬೆರಳೇ ಅಳತೆ.

ಎಂಬತ್ತು ದಾಟಿದ ರುದ್ರಮ್ಮ ಬರುವುದು ಒಂದೇ ಒಂದು ಕುದುರೆಗಾಗಿ. ಅವರ ತಾತ ಆ ದಂಡಿನಲ್ಲಿ ಹೋದವರು. ಅಡಿಯಿಟ್ಟ ಗುಡ್ಡ ಪೂರ್ತಿ ಹತ್ತಲಿಲ್ಲ, ಊರಿಗೆ ಬರಲೂ ಇಲ್ಲ. ತಮ್ಮ ಅಜ್ಜಿಯ ಬಾಯಲ್ಲಿ ರುದ್ರಮ್ಮ ಕೇಳಿದ್ದು ಇಷ್ಟೇ. ಈ ಮಣ್ಣಿನ ದಂಡಿನಲ್ಲಿ ಹಣೆಗೆ ವಿಭೂತಿ ಎಳೆದ ಕುದುರೆ ಆ ತಾತನದು. ಅದರ ಕವಡೆ ರುದ್ರಮ್ಮನೇ ಬಿಡಬೇಕು. ಇದುವರೆಗೆ ಪ್ರತಿ ಸಲವೂ ಅದು ಅರ್ಧ ದಾರಿಯಲ್ಲೇ ಬಿದ್ದಿದೆ.

ಬಿದ್ದ ಕುದುರೆಯನ್ನು ಮಾದು ಎತ್ತಿಡುವುದಿಲ್ಲ. ಆಟ ಮುಗಿದ ಮೇಲೆ ಸವಾರ, ತುರ್ಕ ಎನ್ನದೆ ಬಿದ್ದವರೆಲ್ಲ ಮಣ್ಣಿನ ಗುಂಡಿಗೆ ಹೋಗಿ, ಕರಗಿ, ಮತ್ತೆ ಇಟ್ಟಿಗೆಯಾಗುತ್ತಾರೆ. ಬನ್ನೂರಿನ ಎಷ್ಟು ಮನೆಯ ಗೋಡೆಗಳಲ್ಲಿ ಈ ದಂಡು ನಿಂತಿದೆಯೋ, ಆ ಮನೆಯವರಿಗೇ ಗೊತ್ತಿಲ್ಲ. ಬದುಕಿದವರೂ ಹಸಿಮಣ್ಣೇ, ಮುಂದಿನ ವಾರ ಮತ್ತೆ ಯುದ್ಧಕ್ಕೆ.

"ಅಜ್ಜಿ, ನಾನು ಆ ಕಡೆ ತಿರುಗ್ತೀನಿ, ಇನ್ನೊಂದು ಕಿತ ಕವಡೆ ಬಿಡಿ," ಎಂದು ವಿಭೂತಿ ಕುದುರೆ ಬಿದ್ದಾಗ ಮೇಷ್ಟ್ರೇ ಒಮ್ಮೆ ಕರಗಿದ್ದುಂಟು. ಮಾದು ಒಪ್ಪಲಿಲ್ಲ. "ಸುಳ್ಳು ಆಡಿ ಗುಡ್ಡ ಅತ್ತುಸುದ್ರೆ ತಾತನ್ಗೇ ಅವ್ಮಾನ ಸಾ."

ಈ ಭಾನುವಾರ ಕವಡೆ ಎರಡು ಬಾಯಿ ಬಿಡುತ್ತದೆ. ಆಮೇಲೆ ಒಂದು. ಆಮೇಲೆ ಮೂರು. ಪಕ್ಕದ ಕುದುರೆಗಳು ಒಂದೊಂದಾಗಿ ಉರುಳುತ್ತಿವೆ, ವಿಭೂತಿ ಕುದುರೆ ಏರುತ್ತಲೇ ಇದೆ. ರುದ್ರಮ್ಮ ಮತ್ತೆ ಮುಷ್ಟಿ ಬಿಚ್ಚುತ್ತಾರೆ. ನಾಲ್ಕೂ ಬಾಯಿ ಮೇಲೆ! ನಾಲ್ಕು ಬೆರಳು ಅಳೆದು ಇಟ್ಟ ಕುದುರೆ ಗುಡ್ಡದ ನೆತ್ತಿಯ ಮೇಲಿದೆ.

ಇನ್ನು ತೋಪಿನ ಮೇಲೆ ನುಗ್ಗಬೇಕು. ನಿಯಮವೇ ಹಾಗೆ. ಮಾದು ಕವಡೆ ಆರಿಸಿ ಕೊಡುತ್ತಾರೆ. ಮುದುಕಿ ಕೈ ಚಾಚುವುದಿಲ್ಲ.

"ಅಲ್ಲಿಂದ ಸಮುದ್ರ ಕಾಣ್ತದಾ ಮಾದು?"

"ಕಾಣ್ತದೆ ಕಣವ್ವ."

"ಅಂಗಾರೆ ನೋಡ್ಕತಾ ನಿಂತಿರ್ಲಿ. ಊರಿಗೆ ಬರೋ ಹಡಗು ಅಲ್ಲೇ ತಾನೆ ಬರೋದು? ಇನ್ನು ಓಡಿಸ್ಬ್ಯಾಡ ಕಣಪ್ಪ."

ಮೇಷ್ಟ್ರು ಮಾದುವಿನ ಮುಖ ನೋಡುತ್ತಾರೆ. ಒಂದು ಕವಡೆಗೂ ರಿಯಾಯಿತಿ ಕೊಡದ ಮನುಷ್ಯ ಕವಡೆಗಳನ್ನು ಜೇಬಿಗಿಳಿಸಿ, "ಆಟ ಆಯ್ತು ಸಾ" ಎನ್ನುತ್ತಾರೆ.

ಸೋಮವಾರ ಬೆಳಗಿನ ಜಾವ. ಗೂಡು ತುಂಬುವ ದಿನ. ಒಣಗಿದ ಇಟ್ಟಿಗೆ ಒಂದರ ಮೇಲೊಂದು ಏರುತ್ತಿವೆ. ನಡುವೆ ಬಿಸಿ ಹದವಾಗಿ ತಾಗುವ ಜಾಗ ನೋಡಿ, ಎರಡು ಇಟ್ಟಿಗೆ ಸರಿಸಿ, ಮಾದು ವಿಭೂತಿ ಕುದುರೆಯನ್ನು ಒಳಗಿಡುತ್ತಾರೆ. ಇಷ್ಟು ವರ್ಷದಲ್ಲಿ ಅವರು ಸುಡುತ್ತಿರುವ ಮೊದಲ ಕುದುರೆ. ತಣಿದ ಮೇಲೆ ಬಿಳಿಗೆರೆಗೆ ತಾವೇ ಕೊಂಡೊಯ್ಯುತ್ತಾರಂತೆ.

ಗೂಡಿನ ಬಾಯಿಗೆ ಬೆಂಕಿ ಇಟ್ಟು, ಕೈಯ ಮಣ್ಣು ಪಂಚೆಗೆ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಬೆಂದುದ್ದು ಮತ್ತೆ ಮಣ್ಣಾಗಲ್ಲ ಕಣ್ರೀ. ಇನ್ನು ಅವ್ರುನ್ನ ಯಾರೂ ಯುದ್ಧಕ್ಕೆ ಕರೆಯಂಗಿಲ್ಲ."