ಅವ್ವನ ನಿಧಾನ ನಾಡಿ

ಅಪ್ಪನ ಫೋನು ಬಂದಾಗ ನಾನು ಮಕ್ತಲ್‌ನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಾರಾಯಣಪೇಟೆಯಲ್ಲಿ ಅವ್ವ ಮಗ್ಗದಿಂದ ಮೇಲೇಳುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು.

"ಗಾಬರಿ ಆಗಬ್ಯಾಡ, ಮಾತಾಡಾಕತ್ಯಾಳ. ಆದ್ರ ನೀ ಬಾ," ಎಂದ ಅಪ್ಪ.

ಅವನು ಯಾವತ್ತೂ ಹಾಗೆ ಕರೆದವನಲ್ಲ. ಒಲೆ ಆರಿಸಿ ಬಸ್ಸು ಹಿಡಿದೆ.

ಅವ್ವ ಐವತ್ತು ವರ್ಷ ಸೀರೆ ನೇಯ್ದವಳು. ಜ್ವರ ಬಂದರೂ ಮಗ್ಗ ಬಿಟ್ಟವಳಲ್ಲ. ಆದರೆ ಮೂರು ವಾರಗಳಿಂದ ಅಂಗಳ ದಾಟುವುದರೊಳಗೆ ಸುಸ್ತಾಗುತ್ತಿದ್ದಳಂತೆ. ವಯಸ್ಸಾಯಿತು ಎಂದು ಅವಳು, ಬಿಸಿಲು ಎಂದು ಅಪ್ಪ, ಇಬ್ಬರೂ ಸುಮ್ಮನಿದ್ದರು.

ಊರಿನ ಡಾಕ್ಟರು ಅವಳ ಕೈ ಹಿಡಿದು ಗಡಿಯಾರ ನೋಡಿದರು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ನಾಡಿ ನಿಮಿಷಕ್ಕೆ ಮೂವತ್ತೆಂಟು. ಇಸಿಜಿ ತೆಗೆದು, ತಡ ಮಾಡದೆ ರಾಯಚೂರಿಗೆ ಕರೆದೊಯ್ಯಿರಿ, ಎದೆಗೆ ಪೇಸ್‌ಮೇಕರ್ ಹಾಕಬೇಕಾಗಬಹುದು ಎಂದರು.

ಜೀಪಿನಲ್ಲಿ ಅವ್ವ ಕೃಷ್ಣೆಯ ಸೇತುವೆ ದಾಟುವಾಗ ಕೇಳಿದಳು: "ಎದಿಯಾಗ ಮಿಷಿನ್ ಇಟ್ರ ಮಗ್ಗಕ್ಕ ಕುಂದ್ರಾಕ ಬರ್ತೈತೇನು?"

"ಬರ್ತೈತಿ," ಎಂದೆ. ನನಗೇನೂ ಗೊತ್ತಿರಲಿಲ್ಲ.

ರಾಯಚೂರಿನ ಹೃದಯದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲ ಪರೀಕ್ಷೆ ಮಾಡಿಸಿ, ಅವ್ವನ ಮಂಚದ ಅಂಚಿಗೇ ಕುಳಿತರು.

"ನಿಮ್ಮ ಗುಂಡಿಗಿ ಗಟ್ಟಿ ಐತ್ರಿ ಅವ್ವಾ. ಗುಂಡಿಗಿಯ ಮ್ಯಾಲ, ಬಲಗಡಿ, ಒಂದು ಸಣ್ಣ ಜಾಗ ಇರ್ತೈತಿ. ಅದು ತಾನ ಕರೆಂಟ್ ಹುಟ್ಟಸ್ತೈತಿ. ಆ ಕರೆಂಟ್ ಹರದಾಗೆಲ್ಲ ಗುಂಡಿಗಿ ಒಂದ್ಸಲ ಬಡೀತೈತಿ. ಓಡಿದ್ರ ನರ ಬಂದು ಅದಕ್ಕ ಜಲ್ದಿ ಮಾಡು ಅಂತಾವ, ಮಲಗಿದ್ರ ಸಾವಕಾಶ ಅಂತಾವ. ಸುಮ್ನ ಕುಂತಾಗ ನಿಮಿಷಕ್ಕ ಅರವತ್ತರ ಮ್ಯಾಲ ಇರಬೇಕು. ನಿಮ್ಮದು ಭಾಳ ನಿಧಾನ ಆಗೇತಿ."

"ಅದಕ್ಕ ವಯಸ್ಸಾತೇನ್ರಿ?" ಅವ್ವ ಕೇಳಿದಳು.

"ಆಗಿರಬಹುದು. ಬ್ಯಾರೆ ಕಾರಣನೂ ಇರಬಹುದು. ಗುಳಿಗಿ ಏನರ ತಗೋತೀರೇನು?"

"ಒಂದೂ ಇಲ್ರಿ."

ನಾನೂ ಅಪ್ಪನೂ ಇಲ್ಲವೆಂದು ತಲೆಯಾಡಿಸಿದೆವು. ಎರಡು ದಿನ ನೋಡಿ ಮಿಷಿನ್ನಿನ ವಿಷಯ ತೀರ್ಮಾನಿಸೋಣ ಎಂದು ಅವರು ಹೋದರು.

ಸಂಜೆ ಅವ್ವ ಕೈಚೀಲ ಕೇಳಿದಳು. ಒಳಗಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ನನ್ನ ಕೈಗಿಟ್ಟು, ತಲೆ ಹಿಂದಕ್ಕೆ ವಾಲಿಸಿದಳು. "ಕಣ್ಣಿಗಿ ಎರಡು ಹನಿ ಬಿಡು."

ಇನ್ನೇನು ಹನಿ ಬೀಳಬೇಕು, ಮಗ್ಗುಲಲ್ಲಿದ್ದ ನರ್ಸ್ ನನ್ನ ಕೈ ಹಿಡಿದರು. "ಏನದು ಅಕ್ಕಾ?"

ತಿಂಗಳ ಹಿಂದೆ ಅವ್ವ ಗದ್ವಾಲದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ಜರಿಯ ಎಳೆ ಮಂಜಾಗಿ ಕಾಣುತ್ತದೆ ಎಂದಾಗ ಚಿಕ್ಕಮ್ಮ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದಿದ್ದಳು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದು ಅವರು ಕೊಟ್ಟ ಹನಿ ಅದು. ದಿನಕ್ಕೆ ಎರಡು ಹೊತ್ತು. ಕೊಡುವ ಮುಂಚೆ ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ ಎಂದು ಕೇಳಿದ್ದರಂತೆ. ಅವ್ವನಿಗೆ ಯಾವುದೂ ಇರಲಿಲ್ಲ. ನುಂಗದೇ ಇರುವುದು ಅವಳ ಲೆಕ್ಕದಲ್ಲಿ, ಅಪ್ಪನ ಲೆಕ್ಕದಲ್ಲೂ, ಔಷಧಿಯಲ್ಲ.

ಡಾಕ್ಟರು ಬಂದು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದರು. ಮುಖ ಅರಳಿತು.

"ಕಣ್ಣಿಗಿ ಬಿಟ್ಟದ್ದು ಕಣ್ಣಾಗ ನಿಲ್ಲಂಗಿಲ್ರಿ. ಮೂಗಿನ ಒಳಗ ಇಳದು ರಕ್ತಕ್ಕ ಕೂಡ್ತೈತಿ. ಕೆಲವರಿಗಿ ಇದು ಆ ಕರೆಂಟ್ ಹುಟ್ಟೋ ಜಾಗಾನ ನಿಧಾನ ಮಾಡಿಬಿಡ್ತೈತಿ. ಇದನ್ನ ಬಿಟ್ಟು ನೋಡೋಣು."

ನಮ್ಮೆದುರೇ ಗದ್ವಾಲದ ಡಾಕ್ಟರಿಗೆ ಫೋನು ಮಾಡಿ ಮಾತಾಡಿದರು. ಅವರು ಬೇರೆ ಹನಿ ಹೇಳಿದರು.

ಮಂಚದ ಪಕ್ಕದ ಪರದೆಯಲ್ಲಿ ಅವ್ವನ ನಾಡಿಯ ಸಂಖ್ಯೆ ಕಾಣುತ್ತಿತ್ತು. ಮರುದಿನ ನಲವತ್ತಾರು. ಮಧ್ಯಾಹ್ನಕ್ಕೆ ನಲವತ್ಮೂರಕ್ಕೆ ಇಳಿದಾಗ ಅಪ್ಪ ಎದ್ದು ಹೊರಗೆ ಹೋದ. ಮೂರನೆಯ ದಿನ ಬೆಳಿಗ್ಗೆ ಅರವತ್ನಾಲ್ಕು. ಡಾಕ್ಟರು ಅವ್ವನನ್ನು ವರಾಂಡದಲ್ಲಿ ಎರಡು ಸುತ್ತು ನಡೆಸಿದರು. ಸಂಖ್ಯೆ ಎಂಬತ್ತು ದಾಟಿತು, ಕುಳಿತ ಮೇಲೆ ತಾನಾಗಿ ಇಳಿಯಿತು.

"ಮಿಷಿನ್ ಬ್ಯಾಡ್ರಿ. ನಿಮ್ಮದ ನಿಮಗ ಸಾಕು," ಎಂದರು. ಆಮೇಲೂ ಆಗಾಗ ಬಂದು ತೋರಿಸಬೇಕೆಂದು ನನಗೆ ಹೇಳಿದರು. ನಾನು ಗೋಡೆಗೆ ಆತು ನಿಂತೆ. ಅಪ್ಪ ಮುಖ ತೊಳೆಯುವ ನೆವದಲ್ಲಿ ನಳದ ಹತ್ತಿರ ಬಹಳ ಹೊತ್ತು ನಿಂತಿದ್ದ.

ಆಸ್ಪತ್ರೆಯಿಂದ ಛುಟ್ಟಿ ಸಿಕ್ಕಾಗ ಊರಿಗೆ ಹೋಗೋಣವೆಂದರೆ ಅವ್ವ ಒಪ್ಪಲಿಲ್ಲ. "ಮೊದಲ ಗದ್ವಾಲಕ್ಕ ನಡೀರಿ. ತಂಗಿ ಸುದ್ದಿ ಕೇಳಿ ಎರಡು ದಿನದಿಂದ ಅಳಾಕತ್ಯಾಳಂತ."

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. "ಅಕ್ಕಾ, ನಾನ ಕರಕೊಂಡು ಹೋದೆ..." ಎಂದಳು.

"ಹೌದು, ನೀನ ಕರಕೊಂಡು ಹೋದಿ. ಇಲ್ಲಂದ್ರ ಕಣ್ಣು ಹೋಗಿರ್ತಿತ್ತು," ಎಂದಳು ಅವ್ವ. "ಹಸಿವಾಗೇತಿ. ಏನ್ ಮಾಡಿದಿ?"

ಚಿಕ್ಕಮ್ಮ ಏನೂ ಮಾಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೋಡಿ ಅಕ್ಕಿ ತೊಳೆಯತೊಡಗಿದಳು. ಅವ್ವ ಅವಳ ಪಕ್ಕ ಕುಳಿತು ಬದನೆಕಾಯಿ ಹೆಚ್ಚಿದಳು.