ಬಾರದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುವ ವೈಜಯಂತಿ

ಬೆಳಗಿನ ಆರೂಕಾಲು. ದೆಹಲಿಯ ರೋಹಿಣಿ ಬಡಾವಣೆಯ ಮೂರನೇ ಮಹಡಿಯ ಮನೆಯಲ್ಲಿ ವೈಜಯಂತಿ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಬಲಗೈಯಲ್ಲಿ ಉಪ್ಪಿಟ್ಟು ಕೆದಕುತ್ತ ಎಡಗೈಯಲ್ಲಿ ಫೋನ್ ಹಿಡಿದಿದ್ದಾರೆ. ಕಿಟಕಿಯಾಚೆ ಮಂಜು, ಎದುರಿನ ಪಾರ್ಕೂ ಕಾಣುವುದಿಲ್ಲ.

"ಭಯ್ಯಾ, ಕಿವಿ ಕ್ಲಿನಿಕ್‌ನಿಂದ ಮಾತಾಡ್ತಿದ್ದೀನಿ. ನಿಮ್ಮ ಮಗ ಬಂದು ಏಳು ತಿಂಗಳಾಯ್ತು. ಶನಿವಾರ ಆಗುತ್ತಾ? ಅಚ್ಛಾ, ಭಾನುವಾರ? ಚಲೋ, ನಾನೇ ಬಂದು ಬಾಗಿಲು ತೆಗೀತೀನಿ."

ಎಂಟು ಗಂಟೆಯಾದರೆ ಅಪ್ಪಂದಿರು ಕೆಲಸಕ್ಕೆ ಹೊರಟಿರುತ್ತಾರೆ. ಮನೆಯ ಒಂದೇ ಒಂದು ಫೋನೂ ಅವರ ಜೇಬಿನಲ್ಲಿ ಹೋಗಿರುತ್ತದೆ. ಅದಕ್ಕೇ ಈ ಹೊತ್ತು. ದಿನಕ್ಕೆ ಹತ್ತು ಕರೆ, ಎತ್ತುವವರು ಆರು ಮಂದಿ.

ದಾವಣಗೆರೆಯ ವೈಜಯಂತಿ ಮದುವೆಯಾಗಿ ದೆಹಲಿಗೆ ಬಂದು ಇಪ್ಪತ್ತಾರು ವರ್ಷ. ಪತಿ ಇಂದುಶೇಖರ ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿದಾಗ, ಹಿಂದಿ ತಡವರಿಸುತ್ತಲೇ ಇವರು ಮನೆ ಹತ್ತಿರದ ಧರ್ಮಾರ್ಥ ಕ್ಲಿನಿಕ್‌ನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದರು. ಕಿವಿ ಕೇಳದ ಬಡ ಮಕ್ಕಳಿಗೆ ಅಲ್ಲಿ ಶ್ರವಣಯಂತ್ರ ಕೊಡುತ್ತಾರೆ. ಯಂತ್ರ ಕೊಟ್ಟರಷ್ಟೇ ಸಾಲದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗುತ್ತದೆ. ಆಗ ಯಂತ್ರ ಕುಂಯ್ ಎಂದು ಕೂಗತೊಡಗುತ್ತದೆ, ಮಗು ಕಿತ್ತೆಸೆಯುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಹೊಸ ಅಚ್ಚು ಬೇಕು.

ಎರಡು ವರ್ಷದ ಹಿಂದೆ ವೈದ್ಯೆ ಡಾ. ಭಾಟಿಯಾ ತಿಂಗಳುವಾರು ವರದಿ ಕೇಳಿದರು. ವೈಜಯಂತಿಯ ಲ್ಯಾಪ್‌ಟಾಪ್‌ನಲ್ಲಿ ಎರಡು ಲೆಕ್ಕದ ಹಾಳೆಗಳಿದ್ದವು. ಒಂದರಲ್ಲಿ 212 ಮಕ್ಕಳ ಹೆಸರು, ವಿಳಾಸ, ಯಾವ ಕಿವಿ, ಯಾವ ಯಂತ್ರ. ಅದರಲ್ಲಿ ತಾರೀಖಿನ ಸುದ್ದಿಯೇ ಇಲ್ಲ. ಇನ್ನೊಂದರಲ್ಲಿ ಯಾರು ಯಾವ ದಿನ ಬಂದರು ಎಂಬುದು. ಎರಡನೆಯದರಿಂದ ತೆಗೆದ ವರದಿ ಅಚ್ಚುಕಟ್ಟಾಗಿತ್ತು. ಆದರೆ ಬಂದಾಗಲೆಲ್ಲ ವೈಜಯಂತಿಯ ಬಳೆ ಎಳೆದು ಆಡುತ್ತಿದ್ದ ಐದು ವರ್ಷದ ಮುಸ್ಕಾನ್‌ಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

"ಬಂದೋರಿಗೆ ತಾರೀಖಿದೆ, ವರದೀಲಿ ಕಾಣ್ತಾರೆ. ಬರದೇ ಇರೋರಿಗೆ ತಾರೀಖೇ ಇಲ್ಲ, ಕಾಣೋದು ಹೇಗೆ? ನಮಗೆ ಬೇಕಾಗಿದ್ದೇ ಅವರು" ಎನ್ನುತ್ತಾರೆ.

ತೋಚಿದ ಉಪಾಯ ಮಾಡಿದರು. ಪಟ್ಟಿಯ ಅಷ್ಟೂ ಹೆಸರಿಗೆ ಆ ದಿನದ ತಾರೀಖು ಹಾಕಿ ಎರಡೂ ಹಾಳೆಗಳನ್ನು ಬೆರೆಸಿಬಿಟ್ಟರು. ಮರುದಿನ ಡಾ. ಭಾಟಿಯಾ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ವೈಜಯಂತಿಜೀ, ಮಂಗಳವಾರ ಇಲ್ಲಿ ಮೇಳ ಏನಾದರೂ ಇತ್ತಾ? 212 ಮಕ್ಕಳು ಬಂದಿದ್ದಾರಲ್ಲ?" ಅದನ್ನು ಹೇಳುವಾಗ ವೈಜಯಂತಿಗೆ ಈಗಲೂ ನಗು ತಡೆಯುವುದಿಲ್ಲ.

ದಾರಿ ತೋರಿಸಿದವಳು ಮಗಳು ಸಂಯುಕ್ತಾ. ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ಗೆಳತಿಯರೊಂದಿಗಿದ್ದು ಆಫೀಸಿಗೆ ಹೋಗುವ ಆಕೆ ಫೋನಿನಲ್ಲೇ ಹೇಳಿದಳು: "ಮಮ್ಮೀ, ಹೆಸರಿಗೆ ಡೇಟ್ ಇರಲ್ಲ ನಾ, ಬಂದಿದ್ದಕ್ಕೆ ಮಾತ್ರ ಇರುತ್ತೆ. ಸುಳ್ಳು ಡೇಟ್ ಹಾಕ್ಬೇಡ. ಕ್ಯಾಲೆಂಡರ್ ಅಲಗ್ ಮಾಡು, ಬೇರೆ ಹಾಳೇಲಿ."

ಹಾಗೆ ಮೂರನೇ ಹಾಳೆ ಹುಟ್ಟಿತು. ಅದರಲ್ಲಿ ಬರೀ ತಿಂಗಳುಗಳು. ಈಗ ಒಂದೊಂದು ತಿಂಗಳ ಎದುರಿಗೂ 212 ಹೆಸರುಗಳು ಬಂದು ನಿಲ್ಲುತ್ತವೆ. ಆ ತಿಂಗಳು ಬಂದ ಮಗುವಿಗೆ ಗುರುತು ಬೀಳುತ್ತದೆ, ಬಾರದಿದ್ದರೆ ಆ ಚೌಕ ಖಾಲಿ. ಸತತ ಆರು ಖಾಲಿಯಾದರೆ ಸಾಲು ಕೆಂಪಾಗುತ್ತದೆ. ಸೂತ್ರ ಸರಿಹೋಗಲು ಹದಿನೇಳು ದಿನ ಹಿಡಿಯಿತು. ಮೊದಲ ಸಲ ತೆರೆದಾಗ ನಲವತ್ತೊಂದು ಸಾಲು ಕೆಂಪು. ಅದರಲ್ಲಿ ಮುಸ್ಕಾನ್‌ಳದೂ ಒಂದು.

ಮುಸ್ಕಾನ್ ಮನೆಯ ಫೋನ್ ಸ್ವಿಚ್ ಆಫ್. ಭಾನುವಾರ ಮೆಟ್ರೋ ಹಿಡಿದು ಕರೋಲ್ ಬಾಗ್‌ಗೆ ಹೋದರು. ಅವಳ ಅಪ್ಪ ರಾಮ್‌ಅವತಾರ್ ಸೈಕಲ್ ರಿಕ್ಷಾ ತುಳಿಯುವವರು. ಪಟ್ಟಿಯಲ್ಲಿದ್ದ ಮನೆ ಬಿಟ್ಟಿದ್ದರು. ರಿಕ್ಷಾ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಕೇಳುತ್ತ ಮಧ್ಯಾಹ್ನದ ಹೊತ್ತಿಗೆ ಅವರನ್ನು ಹುಡುಕಿ, ಜೊತೆಗೇ ಮನೆಗೆ ಹೋದರು. ಯಂತ್ರ ಸ್ಟೀಲ್ ಡಬ್ಬಿಯಲ್ಲಿತ್ತು. "ಅದು ಕೂಗುತ್ತೆ, ಮಗು ಅಳುತ್ತೆ ದೀದಿ. ಕೆಟ್ಟುಹೋಯ್ತು ಅಂತ ತೆಗೆದಿಟ್ಟೆವು" ಎಂದರು ರಾಮ್‌ಅವತಾರ್. ಒಂಬತ್ತು ತಿಂಗಳಿಂದ ಅವಳಿಗೆ ಏನೂ ಕೇಳಿಸಿರಲಿಲ್ಲ. ಕಲಿತಿದ್ದ ನಾಲ್ಕು ಮಾತೂ ಅಳಿಸಿಹೋಗಿದ್ದವು.

ಎರಡು ವಾರದಲ್ಲಿ ಹೊಸ ಅಚ್ಚು ಬಂತು. ಅದನ್ನು ಕೂರಿಸಿದ ದಿನ ವೈಜಯಂತಿ ಮೇಜಿನ ಮೇಲೆ ಚೀಟಿಗಳಿಗೆ ಸ್ಟೇಪ್ಲರ್ ಹೊಡೆದಾಗ ಮುಸ್ಕಾನ್ ಸರಕ್ಕನೆ ತಿರುಗಿದಳು. ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ಮತ್ತೊಮ್ಮೆ. "ಅವತ್ತು ಒಂದು ಡಬ್ಬಿ ಪಿನ್ ಖಾಲಿ ಆಯ್ತು."

ಆ ನಲವತ್ತೊಂದರಲ್ಲಿ ಮೂವತ್ನಾಲ್ಕು ಮಕ್ಕಳು ಮರಳಿ ಬಂದಿದ್ದಾರೆ. ನಾಲ್ವರು ಬೇರೆ ಊರಿನಲ್ಲಿ ತೋರಿಸಿಕೊಳ್ಳುತ್ತಿದ್ದಾರೆ. ಮೂವರ ಹುಡುಕಾಟ ನಡೆದೇ ಇದೆ. ಈ ಹಾಳೆಯ ವಿಷಯ ಕ್ಲಿನಿಕ್‌ನ ಗೋಡೆಯ ಮೇಲಾಗಲಿ, ವಾರ್ಷಿಕ ಪುಸ್ತಿಕೆಯಲ್ಲಾಗಲಿ ಇಲ್ಲ. ಇರಬೇಕೆಂದು ವೈಜಯಂತಿಗೆ ಅನ್ನಿಸಿಯೂ ಇಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ, ಇವರು ಮೊದಲ ಕರೆ ಮಾಡುವ ಮುನ್ನವೇ ಫೋನ್ ರಿಂಗಾಯಿತು. ಆ ಕಡೆ ಏಳು ವರ್ಷದ ಮುಸ್ಕಾನ್, ಒಂದೊಂದೇ ಮಾತು ಕೂಡಿಸಿಕೊಂಡು: "ಆಂಟೀ, ನನ್ನ ಅಚ್ಚು ಸಡಿಲ ಆಗಿದೆ. ಯಾವಾಗ ಬರಲಿ?"

"ಅವಳ ಸಾಲು ಕೆಂಪಾಗೋಕೆ ಇನ್ನೂ ಎರಡು ತಿಂಗಳಿತ್ತು" ಎನ್ನುತ್ತಾರೆ ವೈಜಯಂತಿ. "ಅವಳೇ ಕೇಳಿದ್ಲು, ನಾನು ಹೇಳಿದ್ದು ಅವಳಿಗೆ ಕೇಳಿಸ್ತು. ಫೋನಲ್ಲಿ."